ಯಾವ ಕಾನ್ಫರೆನ್ಸ್ ಗಟ್ಟಿ? ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ ಎಸ್‌ಇಸಿ, ಬಿಗ್ ಟೆನ್ ಎಂಬ ಎರಡು ದೊಡ್ಡ ಕಾನ್ಫರೆನ್ಸ್‌ಗಳಲ್ಲಿ (ಹೆಚ್ಚಾಗಿ ತಮ್ಮೊಳಗೇ ಆಡುವ ತಂಡಗಳ ಗುಂಪುಗಳಲ್ಲಿ) ಯಾವುದು ಮೇಲು ಎಂಬ ವಾದ ಮುಗಿಯುವುದೇ ಇಲ್ಲ. ಪ್ರತಿ ಕಾನ್ಫರೆನ್ಸಿನ ತಂಡಗಳ ಗೆಲುವು, ಸೋಲುಗಳನ್ನೆಲ್ಲ ಕೂಡಿಸಿ ನೋಡಿದರೆ ಸಾಲದೇ?

ಉತ್ತರ: ಸಾಲದು. ಒಂದೇ ಕಾನ್ಫರೆನ್ಸಿನ ಎರಡು ತಂಡಗಳು ಆಡಿದರೆ ಆ ಗುಂಪಿನ ಖಾತೆಗೆ ಒಂದು ಗೆಲುವು, ಒಂದು ಸೋಲು. ಗುಂಪು ಬಲವಾಗಿರಲಿ, ಬಡಕಲಾಗಿರಲಿ, ಒಳಪಂದ್ಯಗಳ ಲೆಕ್ಕ ಸದಾ ಸರಿಸಮ. 2024ರಲ್ಲಿ ಬಿಗ್ ಟೆನ್‌ನ 18 ತಂಡಗಳು ತಲಾ 9 ಒಳಪಂದ್ಯ ಆಡಿದವು, ಒಟ್ಟು 81. ಎಸ್‌ಇಸಿಯ 16 ತಂಡಗಳು ತಲಾ 8, ಒಟ್ಟು 64. ಈ 145 ಪಂದ್ಯಗಳಿಂದ ಎರಡು ಗುಂಪುಗಳ ಹೋಲಿಕೆಗೆ ಒಂದು ಎಳ್ಳಿನಷ್ಟೂ ಸಹಾಯವಿಲ್ಲ. ಆ ವರ್ಷ ಉಳಿದದ್ದು ಹೊರಗಿನವರೊಡನೆ ಆಡಿದ ಪಂದ್ಯಗಳು: ಬಿಗ್ ಟೆನ್ ತಂಡಕ್ಕೆ 3, ಎಸ್‌ಇಸಿ ತಂಡಕ್ಕೆ 4.

ಒಟ್ಟು ಲೆಕ್ಕ ದಾರಿ ತಪ್ಪಿಸುವುದೂ ಇಲ್ಲೇ. ಬಿಗ್ ಟೆನ್‌ನ ಒಂಬತ್ತನೇ ಒಳಪಂದ್ಯ 18 ತಂಡಗಳಲ್ಲಿ 9ಕ್ಕೆ ಸೋಲನ್ನು ಕಟ್ಟಿಯೇ ಕಟ್ಟುತ್ತದೆ. 2025ರವರೆಗೆ ಎಂಟೇ ಒಳಪಂದ್ಯ ಆಡುತ್ತಿದ್ದ ಎಸ್‌ಇಸಿಯ ತಂಡವೊಂದು ಆ ವಾರ ಕೆಳಹಂತದ ಎಫ್‌ಸಿಎಸ್ ತಂಡವನ್ನು ಹಣ ಕೊಟ್ಟು ಮನೆಯಂಗಳಕ್ಕೆ ಕರೆಸಿ ಗೆದ್ದುಕೊಳ್ಳಬಹುದಿತ್ತು. ಹಾಗಾಗಿ ಹೊರಪಂದ್ಯಗಳಲ್ಲೂ ಜೊಳ್ಳು ತೂರಬೇಕು. ಎಫ್‌ಸಿಎಸ್ ಪಂದ್ಯಗಳನ್ನು ಬೇರೆ ಇಡಿ. ಅಪರೂಪಕ್ಕೆ ಅಲ್ಲೂ ಸಿಡಿಲು ಬಡಿಯುತ್ತದೆ: 2007ರ ಸೆಪ್ಟೆಂಬರ್ 1ರಂದು ಆಗ ಎಫ್‌ಸಿಎಸ್‌ನಲ್ಲಿದ್ದ ಆ್ಯಪಲಾಚಿಯನ್ ಸ್ಟೇಟ್ ತಂಡ ಬಿಗ್ ಟೆನ್‌ನ ಮಿಷಿಗನ್ ತಂಡವನ್ನು ಅದರದೇ ಮೈದಾನದಲ್ಲಿ 34–32ರಿಂದ ಸೋಲಿಸಿತು. ಆದರೆ ಅಂಥ ಒಂದು ಫಲಿತಾಂಶದಿಂದ ಇಡೀ ಗುಂಪನ್ನು ತೂಗಬಾರದು.

ಪ್ರಶ್ನೆ: ಸ್ಪ್ರೆಡ್‌ಶೀಟಿನಲ್ಲಿ ತಂಡಗಳಿಗೆ ನಾನೇ ರೇಟಿಂಗ್, ಅಂದರೆ ಬಲ ತೋರಿಸುವ ಅಂಕಿ, ಹಾಕಿಕೊಳ್ಳುವುದು ಹೇಗೆ?

ಉತ್ತರ: ಮೇಲ್ಹಂತದ, ಅಂದರೆ ಎಫ್‌ಬಿಎಸ್ ತಂಡಗಳ ನಡುವಿನ ಅಷ್ಟೂ ಪಂದ್ಯಗಳನ್ನು ಒಂದೊಂದು ಸಾಲಿನಲ್ಲಿ ಬರೆಯಿರಿ: ಎರಡು ತಂಡ, ಎರಡು ಸ್ಕೋರ್, ಮೈದಾನ ಯಾರದು. ಅಂಕಗಳ ಅಂತರದಿಂದ ಆತಿಥೇಯ ತಂಡಕ್ಕೆ ಸುಮಾರು 2.5 ಅಂಕ ಕಳೆಯಿರಿ. ತಟಸ್ಥ ಮೈದಾನವಾದರೆ ಏನೂ ಬೇಡ. ಅಂತರಕ್ಕೆ 28ರ ಮಿತಿ ಹಾಕಿ. ನಾಲ್ಕು ಟಚ್‌ಡೌನ್ (ಒಂದಕ್ಕೆ ಸುಮಾರು 7 ಅಂಕ) ದಾಟಿದ ಮೇಲೆ ಆಡುವವರು ಮೀಸಲು ಆಟಗಾರರು, ಆ ಅಂಕಗಳು ಬಲದ ಅಳತೆಯಲ್ಲ.

ಮೊದಲು ಎಲ್ಲ ತಂಡಕ್ಕೂ ಸೊನ್ನೆ ಕೊಡಿ. ಆಮೇಲೆ ಪ್ರತಿ ತಂಡದ ಹೊಸ ರೇಟಿಂಗ್ ಎಂದರೆ ಅದರ ಸರಾಸರಿ ಅಂತರ, ಜೊತೆಗೆ ಅದರ ಎದುರಾಳಿಗಳ ಸರಾಸರಿ ರೇಟಿಂಗ್. ಅಂಕಿಗಳು ಅಲುಗಾಡದಂತಾಗುವವರೆಗೆ ಇದನ್ನೇ ಮತ್ತೆ ಮತ್ತೆ ಮಾಡಿ. ಪ್ರತಿ ಸುತ್ತಿನಲ್ಲೂ ಒಟ್ಟು ಸರಾಸರಿಯನ್ನು ಕಳೆದು ಸೊನ್ನೆಗೆ ತನ್ನಿ. ಅಂಕಿಗಳು ಅತ್ತಿತ್ತ ಜೀಕುತ್ತಿದ್ದರೆ ಹಳೆಯ ಮತ್ತು ಹೊಸ ರೇಟಿಂಗಿನ ಸರಾಸರಿ ತೆಗೆದುಕೊಂಡು ಮುಂದುವರಿಯಿರಿ. ಮೊದಲ ಮೂರು ನಾಲ್ಕು ವಾರ ಈ ಕೆಲಸಕ್ಕೆ ಕೈಹಾಕಬೇಡಿ. ತಂಡಗಳ ನಡುವೆ ಕೊಂಡಿಗಳೇ ಬೆಳೆದಿರುವುದಿಲ್ಲ, ಬರುವ ಅಂಕಿಗೆ ಅರ್ಥವಿರುವುದಿಲ್ಲ.

ಕೊನೆಗೆ ಗುಂಪಿನ ಸರಾಸರಿ ತೆಗೆದಾಗ ಒಂದು ಎಚ್ಚರ. ಒಂದು ಪಂದ್ಯದ ಫಲಿತಾಂಶ ನಿರೀಕ್ಷೆಯಿಂದ ಸುಮಾರು 16 ಅಂಕ ಆಚೀಚೆ ಹೋಗುವುದು ಈ ಆಟದಲ್ಲಿ ಮಾಮೂಲು. ಎರಡು ದೊಡ್ಡ ಗುಂಪುಗಳ ಹೋಲಿಕೆ 16 ಪಂದ್ಯಗಳ ಮೇಲೆ ನಿಂತಿದ್ದರೆ ಅದರ ಅನಿಶ್ಚಿತತೆ 16 ಅಂಕ ಭಾಗಿಸು 4 (ಪಂದ್ಯಗಳ ಸಂಖ್ಯೆಯ ವರ್ಗಮೂಲ), ಅಂದರೆ 4 ಅಂಕ. ಒಂದೂವರೆ ಅಂಕದ ಅಂತರ ಹಿಡಿದು ‘ನಮ್ಮ ಗುಂಪೇ ಮೇಲು’ ಎನ್ನುವವರ ಮಾತನ್ನು ನಂಬಬೇಡಿ.

ಪ್ರಶ್ನೆ: ಸರಾಸರಿ ಹೆಚ್ಚಿದ್ದ ಗುಂಪೇ ಕಠಿಣ ಎನ್ನಬಹುದಲ್ಲವೇ?

ಉತ್ತರ: ಯಾರಿಗೆ ಕಠಿಣ ಎಂದು ಮೊದಲು ಕೇಳಿಕೊಳ್ಳಿ. ಬಹುತೇಕ ವಾದಗಳು ಈ ಪ್ರಶ್ನೆ ಬಿಟ್ಟುಹೋದದ್ದರಿಂದಲೇ ಹುಟ್ಟುತ್ತವೆ.

‘ಅ’ ಗುಂಪಿನ 16 ತಂಡಗಳಲ್ಲಿ 4ರ ರೇಟಿಂಗ್ +20, 8ರದು +5, 4ರದು −15 ಎಂದಿಟ್ಟುಕೊಳ್ಳಿ. ಸರಾಸರಿ 3.75. ‘ಆ’ ಗುಂಪಿನ ಎಲ್ಲ 16 ತಂಡಗಳೂ +5. ಸರಾಸರಿಯಲ್ಲಿ ‘ಆ’ ಮೇಲು. ಈಗ +20ರ ಬಲಾಢ್ಯ ತಂಡವೊಂದನ್ನು ಎರಡೂ ಕಡೆ 8 ಪಂದ್ಯ ಆಡಿಸಿ ನೋಡಿ. ‘ಅ’ ಗುಂಪಿನಲ್ಲಿ ಎದುರಾಳಿಗಳು ಮೇಲಿನವರು 2, ನಡುವಿನವರು 4, ಕೆಳಗಿನವರು 2. ಮೇಲಿನ 16 ಅಂಕದ ಏರಿಳಿತವನ್ನೇ ಹಿಡಿದರೆ ಅದು ‘ಅ’ ಗುಂಪಿನಲ್ಲಿ ಸುಮಾರು 6.3 ಪಂದ್ಯ ಗೆಲ್ಲುತ್ತದೆ, ‘ಆ’ ಗುಂಪಿನಲ್ಲಿ 6.6. ಅಂದರೆ ಪ್ರಶಸ್ತಿಯ ಮೇಲೆ ಕಣ್ಣಿಟ್ಟವರಿಗೆ ‘ಅ’ ಗುಂಪೇ ಕಷ್ಟ. ರೇಟಿಂಗ್ ಸೊನ್ನೆಯಿರುವ ಸಾಧಾರಣ ತಂಡವನ್ನು ಕಳಿಸಿದರೆ ಉತ್ತರ ತಿರುಗುಮುರುಗು: ‘ಅ’ ಗುಂಪಿನಲ್ಲಿ 3.4 ಗೆಲುವು, ‘ಆ’ ಗುಂಪಿನಲ್ಲಿ ಬರೀ 3. ತುದಿಯ ತಂಡಗಳು ಬೆದರಿಸುವುದು ದೊಡ್ಡವರನ್ನು. ಸಣ್ಣವರು ಬದುಕುವುದು ತಳದ ತಂಡಗಳನ್ನು ಸೋಲಿಸಿ. ಆದ್ದರಿಂದ ಸರಾಸರಿಯ ಜೊತೆಗೆ ಮೇಲಿನ ನಾಲ್ಕು, ನಡುವಿನ ಮತ್ತು ಕೆಳಗಿನ ನಾಲ್ಕು ತಂಡಗಳ ರೇಟಿಂಗನ್ನೂ ಪಕ್ಕದಲ್ಲೇ ಬರೆದಿಡಿ.

ಪ್ರಶ್ನೆ: ಋತುವಿನ ಕೊನೆಯ ಬೌಲ್ ಪಂದ್ಯಗಳು (ಆಹ್ವಾನಿತ ತಂಡಗಳ ಒಂಟಿ ಪಂದ್ಯಗಳು), ಚಾಂಪಿಯನ್ನರನ್ನು ತೀರ್ಮಾನಿಸುವ ಪ್ಲೇಆಫ್‌ಗಳು ನ್ಯಾಯ ಹೇಳುವುದಿಲ್ಲವೇ?

ಉತ್ತರ: ಬೌಲ್ ಪಂದ್ಯಗಳಿಗೆ ನಾವು ಕಡಿಮೆ ತೂಕ ಕೊಡುತ್ತೇವೆ. 2023ರಲ್ಲಿ ಎಸಿಸಿ ಎಂಬ ಇನ್ನೊಂದು ಕಾನ್ಫರೆನ್ಸಿನ ಫ್ಲಾರಿಡಾ ಸ್ಟೇಟ್ 13 ಪಂದ್ಯ ಆಡಿ ಒಂದನ್ನೂ ಸೋಲದಿದ್ದರೂ ನಾಲ್ಕು ತಂಡಗಳ ಪ್ಲೇಆಫ್‌ಗೆ ಆಯ್ಕೆಯಾಗಲಿಲ್ಲ. ಬಳಿಕ ಆರೆಂಜ್ ಬೌಲ್‌ನಲ್ಲಿ ಎಸ್‌ಇಸಿಯ ಜಾರ್ಜಿಯಾ ಎದುರು 63–3ರಿಂದ ಸೋತಿತು. ಆದರೆ ಆ ದಿನ ಅದರ ಮುಖ್ಯ ಆಟಗಾರರಲ್ಲಿ ಹಲವರು ಕಣಕ್ಕೇ ಇಳಿದಿರಲಿಲ್ಲ. ಆ 60 ಅಂಕಗಳನ್ನು ಎಸಿಸಿಯ ತಲೆಗೆ ಕಟ್ಟುವುದು ಅನ್ಯಾಯ.

ಪ್ಲೇಆಫ್‌ನಲ್ಲಿ ಎಲ್ಲರೂ ಆಡುತ್ತಾರೆ ನಿಜ, ಪಂದ್ಯಗಳು ಮಾತ್ರ ಬೆರಳೆಣಿಕೆಯವು. 2024ರ ಋತುವಿನ 12 ತಂಡಗಳಲ್ಲಿ ಬಿಗ್ ಟೆನ್‌ನವು 4, ಎಸ್‌ಇಸಿಯವು 3. ಮೊದಲ ಸುತ್ತಿನ ವಿನಾಯಿತಿ ಪಡೆದ ನಾಲ್ಕೂ ಕಾನ್ಫರೆನ್ಸ್ ಚಾಂಪಿಯನ್ ತಂಡಗಳು ಆಡಿದ ಮೊದಲ ಪಂದ್ಯದಲ್ಲೇ ಸೋತವು. ಕಪ್ ಗೆದ್ದ ಓಹಾಯೊ ಸ್ಟೇಟ್, ಅದೇ ನವೆಂಬರಿನಲ್ಲಿ ಸಾಧಾರಣ ಋತು ಕಂಡ ಮಿಷಿಗನ್‌ಗೆ ಸ್ವಂತ ಮೈದಾನದಲ್ಲಿ 13–10ರಿಂದ ಸೋತಿತ್ತು.

ಪ್ರಶ್ನೆ: ಹಳೆಯ ವರ್ಷಗಳನ್ನು ಈಗಿನ ಗುಂಪುಗಳೊಡನೆ ಹೋಲಿಸಬಹುದೇ?

ಉತ್ತರ: ಹೋಲಿಸಬಹುದು, ಆದರೆ ಸದಸ್ಯತ್ವವನ್ನು ಆಯಾ ವರ್ಷದಂತೆಯೇ ಬರೆಯಿರಿ. 2023ರ ಸೆಪ್ಟೆಂಬರಿನಲ್ಲಿ ಟೆಕ್ಸಾಸ್ ತಂಡ ಅಲಬಾಮಾವನ್ನು ಟಸ್ಕಲೂಸಾದಲ್ಲಿ 34–24ರಿಂದ ಸೋಲಿಸಿದಾಗ ಅದು ಎಸ್‌ಇಸಿ ವಿರುದ್ಧ ಬಿಗ್ ಟ್ವೆಲ್ವ್ ಕಾನ್ಫರೆನ್ಸಿನ ದೊಡ್ಡ ಗೆಲುವು. ಟೆಕ್ಸಾಸ್ ಎಸ್‌ಇಸಿ ಸೇರಿದ್ದು 2024ರ ಜುಲೈನಲ್ಲಿ. ಈಗಿನ ಪಟ್ಟಿ ಹಿಡಿದು ಲೆಕ್ಕ ಹಾಕಿದರೆ ಆ ಗೆಲುವು ಎಸ್‌ಇಸಿಯ ಒಳಪಂದ್ಯವಾಗಿ ಮಾಯವಾಗುತ್ತದೆ. ತಂಡದ ಹೆಸರಿನ ಪಕ್ಕ ಋತುವಿಗೊಂದು ಕಾನ್ಫರೆನ್ಸ್ ಕಾಲಂ ಇಟ್ಟರೆ ಈ ತಪ್ಪು ಆಗದು.