ಹುಬ್ಬಳ್ಳಿಯಿಂದ ಶನಿವಾರ-ರವಿವಾರಕ್ಕೆ ಕೊನೇ ಗಳಿಗೆಯಲ್ಲಿ ಸೋವಿ ವಿಮಾನ ಟಿಕೆಟ್ ಸಿಗುತ್ತದೆಯೇ?

ನೀವು ಕೇಳಿದ್ದು ಇಷ್ಟು: ನಾಲ್ವರು ಗೆಳೆಯರು, ಇರುವುದು ವಿದ್ಯಾನಗರದಲ್ಲಿ, ಬರುವ ಶನಿವಾರ-ರವಿವಾರ ಎಲ್ಲಾದರೂ ಹಾರಿಹೋಗಿ ಬರಬೇಕು. ಇವತ್ತು ಬುಧವಾರ. ತಡೆದರೆ ದರ ಇಳಿಯುತ್ತದೆಂದು ಯಾರೋ ಹೇಳಿದ್ದಾರೆ, ಕಾಯಬೇಕೋ ಬೇಡವೋ?

ಕಾಯಬೇಡ್ರಿ. ಸಂತೆ ಏಳುವ ಹೊತ್ತಿಗೆ ಕೊತ್ತಂಬರಿ ಸೋವಿಯಾಗುತ್ತದೆ, ವಿಮಾನದ ಸೀಟು ಆಗುವುದಿಲ್ಲ. ಒಂದೇ ವಿಮಾನದ ಸೀಟುಗಳನ್ನು ಕಂಪನಿಯವರು ಬೇರೆ ಬೇರೆ ದರದ ಗುಂಪು ಮಾಡಿ ಮಾರುತ್ತಾರೆ. ಕಡಿಮೆ ದರದವು ಮೊದಲು ಖಾಲಿಯಾಗುತ್ತವೆ. ಕೊನೆಗೆ ಉಳಿದವನ್ನು ಮುಂಬೈಯ ಆಸ್ಪತ್ರೆಗೆ ಓಡಬೇಕಾದವರು, ಮರುದಿನ ಕೋರ್ಟಿನ ತಾರೀಖು ಇದ್ದವರು ಎಷ್ಟಾದರೂ ಕೊಟ್ಟು ಕೊಳ್ಳುತ್ತಾರೆಂದು ಅವರಿಗೆ ಗೊತ್ತು. ಅದರಲ್ಲೂ ನಮ್ಮ ಗೋಕುಲ ರಸ್ತೆಯ ನಿಲ್ದಾಣಕ್ಕೆ ದಿನಕ್ಕೆ ಬರುವ ವಿಮಾನಗಳೇ ಬೆರಳೆಣಿಕೆ. ಎಟಿಆರ್ ಎಂಬ ಸಣ್ಣ ವಿಮಾನ ಬಂದರೆ ಎಂಬತ್ತರೊಳಗೆ ಸೀಟು. ಒಂದು ಮದುವೆ ದಿಬ್ಬಣ ಹೊಕ್ಕರೆ ಸೋವಿ ಗುಂಪು ಮುಗಿದೇ ಹೋಯಿತು.

"ಉಡಾನ್ ಇದೆಯಲ್ಲ, ತಾಸಿನ ಹಾರಾಟಕ್ಕೆ 2,500 ಅಂತಿದ್ದರು" ಎಂದು ನಮ್ಮ ಕಾಕಾ ಇನ್ನೂ ವಾದಿಸುತ್ತಾರೆ. ಸಣ್ಣ ಊರುಗಳಿಗೂ ಸೋವಿ ಹಾರಾಟ ಕೊಡುವ ಕೇಂದ್ರ ಸರ್ಕಾರದ ಈ ಯೋಜನೆ 2018ರಲ್ಲಿ ನಮ್ಮಲ್ಲಿ ಶುರುವಾದಾಗ ಅದು ನಿಜವಿತ್ತು. ಆದರೆ ಆಗಲೂ ಆ ಮಿತಿ ವಿಮಾನದ ಒಂದಿಷ್ಟು ಸೀಟುಗಳಿಗೆ ಮಾತ್ರ, ಸರ್ಕಾರದ ಸಹಾಯಧನವೂ ಒಂದು ಮಾರ್ಗಕ್ಕೆ ಮೂರು ವರ್ಷ ಮಾತ್ರ. ಆಮೇಲೆ ದರ ಕಂಪನಿಯ ಕೈಗೆ. ಕಾಕಾಗೆ ಇದನ್ನು ಹೇಳಿ ಹೇಳಿ ನಾನು ಸೋತಿದ್ದೇನೆ.

ನಿಮ್ಮ ಪ್ರಶ್ನೆಯಲ್ಲಿ ನನ್ನ ಕಣ್ಣಿಗೆ ಬಿದ್ದದ್ದು "ನಾಲ್ವರು" ಎಂಬ ಮಾತು. ನಾಲ್ಕು ಸೀಟು ಒಟ್ಟಿಗೆ ಹುಡುಕಿದರೆ, ಕಡಿಮೆ ದರದ ಗುಂಪಿನಲ್ಲಿ ಎರಡೇ ಉಳಿದಿದ್ದಾಗ, ನಾಲ್ಕಕ್ಕೂ ಮೇಲಿನ ಗುಂಪಿನ ದರವನ್ನೇ ತೋರಿಸುವುದು ಸಾಮಾನ್ಯ. ಹಾಗಾಗಿ ಮೊದಲು ಒಬ್ಬರಿಗೆ ಹುಡುಕಿ, ಆಮೇಲೆ ಇಬ್ಬರಿಗೆ, ಆಮೇಲೆ ನಾಲ್ವರಿಗೆ. ದರ ಎಲ್ಲಿ ಜಿಗಿಯಿತೋ ಅಲ್ಲಿ ಬುಕಿಂಗ್ ಒಡೆಯಿರಿ. ಸೀಟು ಬೇರೆ ಬೇರೆ ಕಡೆ ಬಂದರೆ ಬರಲಿ, ತಾಸು ಹೊತ್ತು ಗೆಳೆಯನ ಮುಖ ನೋಡದಿದ್ದರೆ ಏನೂ ಆಗುವುದಿಲ್ಲ. ಬ್ರೌಸರಿನ ಇನ್‌ಕಾಗ್ನಿಟೊ ಎಂಬ, ಹಿಂದಿನ ಹುಡುಕಾಟ ನೆನಪಿಡದ ಕಿಟಕಿಯಲ್ಲಿ ಹುಡುಕಿದರೆ ಸೋವಿ ಎನ್ನುವುದನ್ನು ನಾನೂ ಎರಡು ಮೊಬೈಲು ಹಿಡಿದು ಬಹಳ ಸಲ ನೋಡಿದ್ದೇನೆ, ಒಂದು ಸಲವೂ ವ್ಯತ್ಯಾಸ ಕಂಡಿಲ್ಲ.

ಇನ್ನು ದಿನ. ಶುಕ್ರವಾರ ಸಂಜೆ ಹೋಗಿ ರವಿವಾರ ಸಂಜೆ ಬರುವುದು ಎಲ್ಲರಿಗೂ ಬೇಕು, ಅದಕ್ಕೇ ತುಟ್ಟಿ. ಶನಿವಾರ ಮಧ್ಯಾಹ್ನ ಹೊರಟು ಸೋಮವಾರ ಬರಲು ಸಾಧ್ಯವೇ ನೋಡಿ, ಅರ್ಧ ದಿನದ ರಜೆ ಹಾಕಿದರೂ ಲಾಭ. ಗೂಗಲ್ ಫ್ಲೈಟ್ಸ್‌ನಲ್ಲಿ ತಾರೀಖುಗಳ ಕೋಷ್ಟಕ ತೆರೆದರೆ ಯಾವ ಜೋಡಿ ದಿನಕ್ಕೆ ಎಷ್ಟು ಎಂಬುದು ಒಂದೇ ನೋಟಕ್ಕೆ ಕಾಣುತ್ತದೆ. ಊರನ್ನು ಮೊದಲೇ ಗಟ್ಟಿ ಮಾಡಬೇಡಿ. ಹೊರಡುವ ಜಾಗ ಮಾತ್ರ ಹಾಕಿ, ತಲುಪುವ ಜಾಗ ಖಾಲಿ ಬಿಟ್ಟು ನಕಾಶೆ ನೋಡಿ. ದೇಶದೊಳಗಿನ ಹಾರಾಟದಲ್ಲಿ ಹೋಗಿಬರುವ ದರ ಎಂದರೆ ಸಾಮಾನ್ಯವಾಗಿ ಎರಡು ಒಮ್ಮುಖ ದರಗಳ ಮೊತ್ತ ಅಷ್ಟೇ. ಆದ್ದರಿಂದ ಹೋಗುವುದು ಒಂದು ಕಂಪನಿ, ಬರುವುದು ಇನ್ನೊಂದು, ಬಂದಿಳಿಯುವ ನಿಲ್ದಾಣವೂ ಬೇರೆ ಆಗಬಹುದು.

ನಿಲ್ದಾಣ ಬದಲಿಸುವುದೇ ನನ್ನ ಮಟ್ಟಿಗೆ ದೊಡ್ಡ ಉಪಾಯ. ಧಾರವಾಡದಿಂದ ಬೆಳಗಾವಿಗೆ ಸುಮಾರು 75 ಕಿ.ಮೀ., ಅಲ್ಲಿಂದ ಸಾಂಬ್ರಾ ವಿಮಾನ ನಿಲ್ದಾಣ ಹತ್ತಿರವೇ. ಬಸ್ಸು ಹೊತ್ತುಹೊತ್ತಿಗೆ ಇವೆ. ಹುಬ್ಬಳ್ಳಿಯಲ್ಲಿ ದರ ಏರಿದ ದಿನ ಅಲ್ಲಿಂದ ಬೇರೆ ಊರಿಗೆ ದರ ಇಳಿದಿರುವುದು ಉಂಟು. ಗೋವಾದಿಂದಂತೂ ಹಾರುವ ವಿಮಾನಗಳೂ ಹೆಚ್ಚು, ಕಂಪನಿಗಳ ಪೈಪೋಟಿಯೂ ಹೆಚ್ಚು. ಲೋಂಡಾ, ಕ್ಯಾಸಲ್‌ರಾಕ್ ದಾಟಿ ವಾಸ್ಕೋಗೆ ರೈಲೂ ಇದೆ.

ಆದರೆ ಗೋವಾದಲ್ಲಿ ನಿಲ್ದಾಣ ಎರಡು. ದಾಬೋಲಿಂ ವಾಸ್ಕೋದ ಪಕ್ಕ. 2023ರ ಜನವರಿಯಲ್ಲಿ ಶುರುವಾದ ಮೋಪಾ ಉತ್ತರದ ತುದಿಯಲ್ಲಿ, ಮಹಾರಾಷ್ಟ್ರದ ಗಡಿಯ ಹತ್ತಿರ. ನಡುವೆ ಸುಮಾರು 60 ಕಿ.ಮೀ. ನಾನು ದಿಲ್ಲಿಗೆ ಸೋವಿ ಟಿಕೆಟ್ ಸಿಕ್ಕಿತೆಂದು ಹಿಗ್ಗಿ, ರೈಲಿನಲ್ಲಿ ವಾಸ್ಕೋಗೆ ಹೋಗಿ, ದಾಬೋಲಿಂ ಬಾಗಿಲಲ್ಲಿ ಟಿಕೆಟ್ ತೋರಿಸಿದೆ. ಕಾವಲಿನ ಜವಾನ ನಕ್ಕ. "ಭಾಯಿಸಾಬ್, ಮೋಪಾ." ಟ್ಯಾಕ್ಸಿಯಲ್ಲಿ ಓಡಿದ್ದು, ಉಳಿಸಿದ ರೊಕ್ಕ ಅದಕ್ಕೇ ಸುರಿದದ್ದು, ಮೇಲೆ ಕಿಸೆಯಿಂದ 600 ಹಾಕಿದ್ದು, ಹೋಗಲಿ ಬಿಡಿ. ಟಿಕೆಟಿನಲ್ಲಿ ಜಿಒಐ ಎಂದಿದ್ದರೆ ದಾಬೋಲಿಂ, ಜಿಒಎಕ್ಸ್ ಎಂದಿದ್ದರೆ ಮೋಪಾ. ಮನೆಯಲ್ಲಿ ಇವತ್ತಿಗೂ ನಾನು ಎಲ್ಲಿಗೆ ಹೊರಟರೂ "ಯಾವ ಮೋಪಾಕ್ಕ ಹೊಂಟಿ?" ಅಂತಾಳೆ ಅವ್ವ.

ಇನ್ನೊಂದು ದಾರಿ: ಶುಕ್ರವಾರ ರಾತ್ರಿ ರೈಲು ಹತ್ತಿ ನಸುಕಿನಲ್ಲಿ ಬೆಂಗಳೂರಲ್ಲಿ ಇಳಿದು ಅಲ್ಲಿಂದ ಹಾರುವುದು. ಕೊಚ್ಚಿ, ಚೆನ್ನೈ ಕಡೆಗೆ ಇದು ಹೊಂದುತ್ತದೆ. ರೈಲು ತಡವಾದರೆ ವಿಮಾನ ಕಾಯುವುದಿಲ್ಲ, ಮೆಜೆಸ್ಟಿಕ್‌ನಿಂದ ದೇವನಹಳ್ಳಿಯ ವಿಮಾನ ನಿಲ್ದಾಣ ಸುಮಾರು 35 ಕಿ.ಮೀ. ದೂರ ಇದೆ, ಆದ್ದರಿಂದ ಹತ್ತು ಗಂಟೆಯ ಆಚೆಯ ವಿಮಾನವನ್ನೇ ಹಿಡಿಯಿರಿ. ಎಸಿ ತತ್ಕಾಲ್ ಹಿಂದಿನ ದಿನ ಬೆಳಿಗ್ಗೆ 10ಕ್ಕೆ, ಸ್ಲೀಪರ್ 11ಕ್ಕೆ ತೆರೆಯುತ್ತದೆ. ಅಂದರೆ ನಿಮಗೆ ನಾಳೆ.

ಬರೀ ಬೆಂಗಳೂರಿಗೇ ಹೋಗುವುದಿದ್ದರೆ ವಿಮಾನ ಬೇಡ. ನಿಲ್ದಾಣಕ್ಕೆ ಹೋಗುವುದು, ಒಂದೂವರೆ ತಾಸು ಮೊದಲೇ ಕೂಡುವುದು, ಇಳಿದು ಪೇಟೆ ಸೇರುವುದು ಎಲ್ಲ ಕೂಡಿಸಿದರೆ ಐದು ತಾಸಿನ ಹತ್ತಿರ. 2023ರಿಂದ ಓಡುತ್ತಿರುವ ವಂದೇ ಭಾರತ್ ಅದಕ್ಕಿಂತ ಬಹಳ ಹೆಚ್ಚೇನೂ ತೆಗೆದುಕೊಳ್ಳುವುದಿಲ್ಲ.

ದುಡ್ಡು ಕಟ್ಟುವಾಗ ಕೊನೆಯ ಪುಟ ನೋಡಿ. ಕನ್ವೀನಿಯನ್ಸ್ ಫೀ ಎಷ್ಟೋ ಕಡೆ ತಲೆಗೊಂದು, ಮೇಲೆ ವಿಮೆ, ಸೀಟು ಆಯ್ಕೆ. ಬೇಡದ್ದರ ಗುರುತು ತೆಗೆಯಿರಿ. ಹುಡುಕಿದ್ದು ಬೇರೆಲ್ಲೋ ಆದರೂ ಕೊಳ್ಳುವ ಮೊದಲು ಕಂಪನಿಯದೇ ಆ್ಯಪ್‌ನಲ್ಲಿ ಒಮ್ಮೆ ನೋಡಿ, ನಿಮ್ಮಲ್ಲಿ ಯಾರಾದರೂ ಇನ್ನೂ ಕಾಲೇಜಿನಲ್ಲಿದ್ದರೆ ವಿದ್ಯಾರ್ಥಿ ದರ ಅಲ್ಲಿ ಸಿಗಬಹುದು. ಗುರುತಿನ ಚೀಟಿ ಮರೆಯಬೇಡಿ. ಎರಡು ದಿನಕ್ಕೆ 7 ಕಿಲೋದ ಕೈಚೀಲ ಸಾಕು, ಚೆಕ್-ಇನ್ ಸಾಮಾನಿಲ್ಲದ ದರ ಇದ್ದರೆ ಅದೇ ತಗೊಳ್ಳಿ.

ಹೋಗಲಾಗದೆ ಹೋದರೆ ಸುಮ್ಮನಿರಬೇಡಿ. ಮರುಪಾವತಿ ಇಲ್ಲದ ಟಿಕೆಟಿನಲ್ಲೂ ತೆರಿಗೆ, ನಿಲ್ದಾಣದ ಬಳಕೆದಾರ ಶುಲ್ಕ ವಾಪಸು ಕೊಡಬೇಕೆಂದು ವಿಮಾನಯಾನದ ಮೇಲ್ವಿಚಾರಣೆ ಮಾಡುವ ಸರ್ಕಾರಿ ಸಂಸ್ಥೆ ಡಿಜಿಸಿಎಯ ನಿಯಮವಿದೆ. ಕೇಳಿದವರಿಗೆ ಬರುತ್ತದೆ. ನಾನು ಒಮ್ಮೆ ಎರಡು ಸಲ ಬರೆದು, ಮೂರನೇ ಸಲ ಫೋನು ಮಾಡಿ ತರಿಸಿಕೊಂಡೆ.

ನಿಮ್ಮ ಜಾಗದಲ್ಲಿದ್ದರೆ ಇವತ್ತು ರಾತ್ರಿಯೇ ಹುಬ್ಬಳ್ಳಿ, ಬೆಳಗಾವಿ, ಗೋವಾ ಮೂರನ್ನೂ ಒಬ್ಬರ ಲೆಕ್ಕದಲ್ಲಿ ಹುಡುಕಿ, ಊಟದೊಳಗೆ ಬುಕ್ ಮಾಡುತ್ತಿದ್ದೆ. ನೀವು ಹೇಳುವ ಶನಿವಾರ ಎರಡನೇ ಶನಿವಾರವೇನಾದರೂ ಆಗಿದ್ದರೆ ಮಾತ್ರ ಬಿಡಿ, ಬ್ಯಾಂಕಿನವರು, ಸರ್ಕಾರಿ ನೌಕರರು ಎಲ್ಲ ನಿಮಗಿಂತ ಮುಂಚೆ ಹೊಕ್ಕಿರುತ್ತಾರೆ.