ಸೀಸ ಕರಗಿಸುತ್ತಿದ್ದ ಜಾಗದಲ್ಲಿ ಆಟದ ಬಯಲು, ಕೈತೋಟ ಸಾಧ್ಯವೇ?

ಪ್ರಶ್ನೆ: ನಮ್ಮ ಬಡಾವಣೆಯಲ್ಲಿ ಹೆಚ್ಚಿನವರು ದಿನಗೂಲಿಯವರು. ಮಕ್ಕಳಿಗೆ ಆಡಲು ಜಾಗವಿಲ್ಲ, ತಾಜಾ ತರಕಾರಿ ಸಿಗುವುದು ಕಷ್ಟ. ಹಳೆಯ ಬ್ಯಾಟರಿ ಒಡೆದು ಸೀಸ ಕರಗಿಸುತ್ತಿದ್ದ ಘಟಕವೊಂದು ಮುಚ್ಚಿ, ಜಾಗ ಖಾಲಿ ಬಿದ್ದಿದೆ. ಅಲ್ಲಿ ಸೂರ್ಯಕಾಂತಿ ಬೆಳೆದರೆ ಮಣ್ಣು ಶುದ್ಧವಾಗುತ್ತದಂತೆ, ನಿಜವೇ?

ಉತ್ತರ: ಸೂರ್ಯಕಾಂತಿಯ ಮಾತು ಬಿಡಿ. ಸೀಸ ಮಣ್ಣಿನ ಕಣಕ್ಕೆ ಗಟ್ಟಿಯಾಗಿ ಅಂಟಿಕೊಂಡಿರುತ್ತದೆ, ಬೇರು ಹೀರುವುದು ತೀರಾ ಅಲ್ಪ. ಮಕ್ಕಳ ಮೈಸೇರುವುದು ಮುಖ್ಯವಾಗಿ ಕೈಯಿಂದ ಬಾಯಿಗೆ ಹೋಗುವ ಧೂಳಿನಿಂದ. ಆ ದಾರಿ ಮುಚ್ಚುವುದೇ ನಿಜವಾದ ಕೆಲಸ.

ಕುಲುಮೆ ಎಲ್ಲಿತ್ತು, ಆಸಿಡ್ ಎಲ್ಲಿ ಚೆಲ್ಲುತ್ತಿದ್ದರು ಎಂದು ಅಲ್ಲಿ ದುಡಿದವರನ್ನೇ ಕೇಳಿ. ಅದರಂತೆ ಜಾಗವನ್ನು ಭಾಗ ಮಾಡಿ, ಪ್ರತಿ ಭಾಗದ 5–10 ಕಡೆಯಿಂದ ಮಣ್ಣು ತೆಗೆದು ಬೆರೆಸಿ, ಭಾಗಕ್ಕೊಂದು ಮಾದರಿ ಮಾಡಿ. ಆಟದ ಜಾಗಕ್ಕೆ ಮೇಲಿನ 2–3 ಸೆಂ.ಮೀ. ಸಾಕು, ತೋಟಕ್ಕೆ 15–20 ಸೆಂ.ಮೀ. ಆಳ ಬೇಕು. ಇಡೀ ಜಾಗದ್ದನ್ನು ಒಂದೇ ಚೀಲಕ್ಕೆ ಸುರಿದರೆ ಕುಲುಮೆ ಬುಡದ ವಿಷ ಸರಾಸರಿಯಲ್ಲಿ ಅಡಗಿಹೋಗುತ್ತದೆ.

ಪ್ರಯೋಗಾಲಯದಲ್ಲಿ ‘ಒಟ್ಟು ಸೀಸ’ ಎಂದೇ ಕೇಳಿ. ಜೊತೆಗೆ ಆರ್ಸೆನಿಕ್, ಕ್ಯಾಡ್ಮಿಯಂ, ಆಂಟಿಮನಿ ಎಂಬ ವಿಷಧಾತುಗಳನ್ನೂ. ಕೃಷಿಯ ಮಾಮೂಲಿ ಪರೀಕ್ಷೆ ಗಿಡಕ್ಕೆ ದಕ್ಕುವ ಅಂಶವನ್ನಷ್ಟೇ ಅಳೆಯುತ್ತದೆ. ಆ ಸಣ್ಣ ಅಂಕಿ ನೋಡಿ ನಿರಾಳರಾಗುವವರೇ ಹೆಚ್ಚು. ಹೋಲಿಕೆಗೆ ಹೇಳುವುದಾದರೆ, ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ವಸತಿ ಮಣ್ಣಿನ ಸೀಸದ ಎಚ್ಚರಿಕೆಯ ಮಟ್ಟವನ್ನು 2024ರಲ್ಲಿ 400ರಿಂದ 200 ಪಿಪಿಎಂಗೆ (ಒಂದು ಕಿಲೋ ಮಣ್ಣಿನಲ್ಲಿ ಇಷ್ಟು ಮಿಲಿಗ್ರಾಂ) ಇಳಿಸಿತು. ಕುಲುಮೆಯ ಸುತ್ತ ಸಾವಿರಗಟ್ಟಲೆ ಬಂದರೆ ಅಚ್ಚರಿಯಿಲ್ಲ. ಅಷ್ಟಿದ್ದ ಕಡೆ ಸ್ವಯಂಸೇವಕರು ಸಲಿಕೆ ಹಾಕಬಾರದು. ಪರಿಣತರು ಅಗೆದು ಸಾಗಿಸಬೇಕು, ಇಲ್ಲವೇ ಕಾಂಕ್ರೀಟ್ ಹೊದಿಸಬೇಕು.

ಕಡಿಮೆ ಇರುವ ಭಾಗದಲ್ಲಿ ನೀರು ಬಸಿಯುವ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಿ, ಮೇಲೆ ಕನಿಷ್ಠ 30 ಸೆಂ.ಮೀ. ಒಳ್ಳೆಯ ಮಣ್ಣಿನ ಏರುಮಡಿ ಕಟ್ಟಿ. ಹೊರಗಿನಿಂದ ತಂದ ಮಣ್ಣನ್ನೂ ಪರೀಕ್ಷಿಸಿಯೇ ಸುರಿಯಿರಿ. ‘ಒಳ್ಳೆಯ ಮಣ್ಣು’ ಎಂದು ಬರುವುದು ಎಷ್ಟೋ ಸಲ ಇನ್ನೊಂದು ಕೆಟ್ಟ ಜಾಗದ್ದು. ಮಡಿಯ ಅಂಚಿಗೆ ಹಳೆಯ ರೈಲ್ವೆ ಸ್ಲೀಪರ್ ಬೇಡ, ಅದರಲ್ಲಿ ಕ್ರಿಯೋಸೋಟ್ (ಮರ ಕೆಡದಂತೆ ಹಾಕುವ ವಿಷಕಾರಿ ಟಾರಿನೆಣ್ಣೆ) ಇರಬಹುದು. ಟೊಮೆಟೊ, ಬದನೆ, ಹುರುಳಿಕಾಯಿ ಮೊದಲು ಬೆಳೆಯಿರಿ. ಸೊಪ್ಪಿನ ಮೇಲೆ ಮಳೆಯಲ್ಲಿ ಮಣ್ಣು ಸಿಡಿದು ಕೂರುತ್ತದೆ, ಗಡ್ಡೆಯ ಸಿಪ್ಪೆಗೆ ಅಂಟುತ್ತದೆ. ಕ್ಯಾಡ್ಮಿಯಂ ಇದ್ದರಂತೂ ಸೊಪ್ಪು ಬೇಡವೇ ಬೇಡ, ಅದನ್ನು ಎಲೆ ನಿಜಕ್ಕೂ ಹೀರುತ್ತದೆ. ಮಣ್ಣಿನ ರಸಸಾರವನ್ನು (ಪಿಎಚ್, ಅಂದರೆ ಹುಳಿ-ಕ್ಷಾರದ ಅಳತೆ) 6.5–7ರ ಆಸುಪಾಸು ಇರಿಸಿದರೆ ಆ ಹೀರುವಿಕೆ ತಗ್ಗುತ್ತದೆ. ರಂಜಕ ಗೊಬ್ಬರ ಸೀಸವನ್ನು ಕಟ್ಟಿಹಾಕುವುದು ನಿಜ, ಆದರೆ ಅದೇ ಆರ್ಸೆನಿಕ್ಕನ್ನು ಸಡಿಲಗೊಳಿಸಬಹುದು. ಪರೀಕ್ಷೆಯ ವರದಿ ಬರುವ ಮುನ್ನ ಹಾಕಬೇಡಿ.

ಕೆಲಸದ ದಿನಗಳಲ್ಲಿ ಮಣ್ಣನ್ನು ತೇವವಾಗಿಡಿ, ಒಣ ಪೊರಕೆ ಆಡಿಸಬೇಡಿ. ಸುತ್ತಲಿನ ಮನೆಗಳ ಚಿಕ್ಕ ಮಕ್ಕಳ ರಕ್ತದಲ್ಲಿ ಸೀಸ ಎಷ್ಟಿದೆಯೆಂದು ಈಗಲೇ ಪರೀಕ್ಷಿಸಿ. ಘಟಕ ಮುಚ್ಚಿದರೂ ಧೂಳು ಮನೆಯೊಳಗೇ ಉಳಿದಿರಬಹುದು.

ಗಾಳಿಯ ಧೂಳು ಮಡಿಗೆ ಮತ್ತೆ ಬೀಳುವುದರಿಂದ ವರ್ಷಕ್ಕೊಮ್ಮೆ ಮೇಲ್ಪದರ ಪರೀಕ್ಷಿಸಿ. ಹೊದಿಕೆ ಕೆಡುವುದು ಹೆಚ್ಚಾಗಿ ಯಾರೋ ಪೈಪ್ ಹಾಕಲು ಅಗೆದಾಗ. ಎಲ್ಲಿ ಅಗೆಯಬಾರದು, ಹೊದಿಕೆ ಬಿರಿದರೆ ದುರಸ್ತಿ ಯಾರ ಹೊಣೆ ಎಂಬುದು ಜಾಗದ ಪತ್ರದಲ್ಲೇ ದಾಖಲಾಗಲಿ.