ಪ್ಯಾನಿಕ್ ಕಾಯಿಲೆಗೆ ಅಡ್ಮಿಟ್ ಆಗಬೇಕಿಲ್ಲ, ಬಿಡದೆ ಬಂದು ಹೋಗಬೇಕು

ಓದುಗರ ಪ್ರಶ್ನೆಗೆ ಮನೋವೈದ್ಯರ ಉತ್ತರ

ಪ್ರಶ್ನೆ: ನನಗೆ 34 ವರ್ಷ. ಹಾಸನದಲ್ಲಿ ಹೈಸ್ಕೂಲ್ ಟೀಚರ್. ಆರು ತಿಂಗಳ ಹಿಂದೆ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗುತ್ತಿದ್ದಾಗ, ಕುಣಿಗಲ್ ದಾಟಿದ ಮೇಲೆ ಇದ್ದಕ್ಕಿದ್ದಂತೆ ಎದೆ ಡವಡವ ಹೊಡೆದುಕೊಳ್ಳಲು ಶುರುವಾಯಿತು. ಮೈಯೆಲ್ಲಾ ಬೆವರು, ಬೆರಳೆಲ್ಲಾ ಜೋಮು, ಉಸಿರೇ ಸಿಗುತ್ತಿಲ್ಲ. ಜೀವ ಹೋಗಿಯೇಬಿಡುತ್ತದೆ ಅನ್ನಿಸಿತು. ಆಸ್ಪತ್ರೆ ಸೇರುವಷ್ಟರಲ್ಲಿ ಎಲ್ಲಾ ಸರಿಯಾಗಿತ್ತು. ಆಮೇಲೂ ಹಲವು ಸಲ ಹೀಗಾಗಿದೆ. ಇಸಿಜಿ, ಎಕೋ, ಥೈರಾಯ್ಡ್ ಎಲ್ಲಾ ನಾರ್ಮಲ್. ಒಬ್ಬ ಡಾಕ್ಟರು ಗ್ಯಾಸ್ಟ್ರಿಕ್ ಅಂದರು, ಇನ್ನೊಬ್ಬರು ಪ್ಯಾನಿಕ್ ಅಟ್ಯಾಕ್, ಮನೋವೈದ್ಯರಿಗೆ ತೋರಿಸಿ ಅಂದರು. ಈಗ ಬಸ್ಸು ಹತ್ತುವುದನ್ನೇ ಬಿಟ್ಟಿದ್ದೇನೆ. ಶಾಲೆಗೂ ಯಜಮಾನರೇ ಬಿಟ್ಟು ಬರುತ್ತಾರೆ. ಮನೋವೈದ್ಯರ ಹತ್ತಿರ ಹೋದರೆ ಅಡ್ಮಿಟ್ ಮಾಡಿಕೊಳ್ಳುತ್ತಾರೆ, ಕೆಲಸಕ್ಕೂ ತೊಂದರೆ ಅಂತ ಅತ್ತೆ ಬೇಡ ಅನ್ನುತ್ತಾರೆ. ಏನು ಮಾಡಲಿ?

ಉತ್ತರ: ಮೊದಲು ಅತ್ತೆಯವರ ಭಯಕ್ಕೆ ಉತ್ತರ ಹೇಳಿಬಿಡುತ್ತೇನೆ. ಪ್ಯಾನಿಕ್ ಕಾಯಿಲೆ ಒಂದೇ ಇದ್ದರೆ ಅಡ್ಮಿಟ್ ಆಗುವ ಅಗತ್ಯ ಬರುವುದು ತೀರಾ ಅಪರೂಪ. ಸಾಯಬೇಕು ಅನ್ನುವ ಯೋಚನೆ, ತೀವ್ರ ಖಿನ್ನತೆ, ಕುಡಿತದ ಚಟ ಇವು ಜೊತೆಗೆ ಸೇರಿದ್ದರೆ ಮಾತು ಬೇರೆ. ಉಳಿದವರಿಗೆಲ್ಲ ಚಿಕಿತ್ಸೆ ನಡೆಯುವುದು ಹೊರರೋಗಿ ವಿಭಾಗದಲ್ಲೇ. ಚೀಟಿ ಮಾಡಿಸಿ, ಡಾಕ್ಟರನ್ನು ಕಂಡು, ಮನೆಗೆ ಹೋಗುವುದು. ಇನ್ನು ಕೆಲಸದ ವಿಷಯ. 2017ರ ಮಾನಸಿಕ ಆರೋಗ್ಯ ಕಾಯ್ದೆ ನಿಮ್ಮ ಚಿಕಿತ್ಸೆಯ ವಿವರವನ್ನು ಗುಟ್ಟಾಗಿಡುವ ಹಕ್ಕು ಕೊಟ್ಟಿದೆ. ನಿಮ್ಮ ಶಾಲೆಗೆ ಡಾಕ್ಟರು ಫೋನ್ ಮಾಡಿ ಹೇಳುವುದಿಲ್ಲ.

ನಿಮಗೆ ಆಗಿದ್ದೇನು ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಇದು ಅರ್ಥವಾದರೆ ಚಿಕಿತ್ಸೆಯೂ ಅರ್ಥವಾಗುತ್ತದೆ. ಹಗ್ಗ ಕಂಡು ಹಾವು ಅಂತ ಬೆಚ್ಚಿಬಿದ್ದಾಗಲೂ ಮೈ ಪೂರ್ತಿ ಸಜ್ಜಾಗುತ್ತದೆ. ಅಡ್ರಿನಲಿನ್ ಹರಿಯುತ್ತದೆ, ಎದೆಬಡಿತ ಏರುತ್ತದೆ, ಉಸಿರು ಜೋರಾಗುತ್ತದೆ. ಜೋರಾಗಿ ಉಸಿರಾಡಿದಾಗ ರಕ್ತದಲ್ಲಿ ಇಂಗಾಲದ ಡೈ ಆಕ್ಸೈಡ್ ಕಡಿಮೆಯಾಗುತ್ತದೆ. ಬೆರಳು, ತುಟಿ ಜೋಮು ಹಿಡಿಯುವುದು, ತಲೆ ತೇಲಿದಂತಾಗುವುದು ಅದರಿಂದಲೇ. ಆಮ್ಲಜನಕ ಕಮ್ಮಿಯಾಗಿ ಅಲ್ಲ. ಆದರೆ ಆ ಹೊತ್ತಿಗೆ ನಿಮ್ಮ ಮನಸ್ಸು 'ಹಾರ್ಟ್ ಅಟ್ಯಾಕ್ ಇದು' ಅನ್ನುತ್ತದೆ. ಭಯ ಇನ್ನೂ ಏರುತ್ತದೆ, ಎದೆ ಇನ್ನೂ ಜೋರಾಗಿ ಹೊಡೆದುಕೊಳ್ಳುತ್ತದೆ. ಒಂದಕ್ಕೊಂದು ಎಣ್ಣೆ ಹೊಯ್ಯುತ್ತಾ ಹೋಗುತ್ತವೆ. ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ಡೇವಿಡ್ ಕ್ಲಾರ್ಕ್ ಈ ಸುತ್ತನ್ನು 1986ರಲ್ಲಿ ವಿವರಿಸಿದರು. ಇವತ್ತಿನ ಮಾತಿನ ಚಿಕಿತ್ಸೆ ಬಹುಪಾಲು ಅದರ ಮೇಲೇ ನಿಂತಿದೆ.

ಅಟ್ಯಾಕ್ ಸಾಮಾನ್ಯವಾಗಿ 10 ನಿಮಿಷದೊಳಗೆ ತುದಿ ಮುಟ್ಟಿ, ಅರ್ಧ ಗಂಟೆಯೊಳಗೆ ಇಳಿದುಬಿಡುತ್ತದೆ. ಆಸ್ಪತ್ರೆ ಸೇರುವಷ್ಟರಲ್ಲಿ ಸರಿಯಾಗಿತ್ತು ಅಂದಿರಲ್ಲ, ಕಾರಣ ಇದೇ. ಒಂದೆರಡು ಸಲ ಅಟ್ಯಾಕ್ ಬಂದ ಮಾತ್ರಕ್ಕೆ ಕಾಯಿಲೆ ಅನ್ನುವುದಿಲ್ಲ. ಕಾರಣವಿಲ್ಲದೆ ಮತ್ತೆ ಮತ್ತೆ ಬಂದು, ಮುಂದಿನದು ಯಾವಾಗ ಅನ್ನುವ ಚಿಂತೆ ತಿಂಗಳಿಗೂ ಹೆಚ್ಚು ಕಾಡಿದರೆ, ಅಥವಾ ಅದರ ಭಯಕ್ಕೆ ದಿನಚರಿಯೇ ಬದಲಾದರೆ, ಅದು ಪ್ಯಾನಿಕ್ ಡಿಸಾರ್ಡರ್. ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಚಿಂತೆ ತಂದಿದ್ದು ಎದೆಬಡಿತ ಅಲ್ಲ, ನೀವು ಬಸ್ಸು ಬಿಟ್ಟಿದ್ದು. ಇವತ್ತು ಬಸ್ಸು, ನಾಳೆ ಸಂತೆ, ನಾಡಿದ್ದು ಮದುವೆ ಮನೆ. ಹೀಗೆ ಒಂದೊಂದೇ ಬಿಟ್ಟು ಕೊನೆಗೆ ಮನೆಯೊಳಗೇ ಉಳಿದವರನ್ನು ನೋಡಿದ್ದೇನೆ.

ಹಾಸನದ ಸರ್ಕಾರಿ ಮೆಡಿಕಲ್ ಕಾಲೇಜಿನಲ್ಲೇ ಮನೋವೈದ್ಯ ವಿಭಾಗ ಇದೆ. ಬೆಂಗಳೂರಿಗೆ ಹೋಗಲೇಬೇಕು ಅಂತಿಲ್ಲ. ಮೊದಲ ದಿನ ಮಾತೇ ಜಾಸ್ತಿ ಇರುತ್ತದೆ. ಯಾವಾಗ ಶುರುವಾಯಿತು, ಎಲ್ಲೆಲ್ಲಿ ಬರುತ್ತದೆ, ಕಾಫಿ ಎಷ್ಟು, ನಿದ್ದೆ ಹೇಗೆ, ಮನೆಯಲ್ಲಿ ಬೇರೆ ಯಾರಿಗಾದರೂ ಇದೆಯಾ ಅಂತ ಕೇಳುತ್ತಾರೆ. ಹಳೆಯ ರಿಪೋರ್ಟೆಲ್ಲ ತೆಗೆದುಕೊಂಡು ಹೋಗಿ, ಮಾಡಿದ ಟೆಸ್ಟನ್ನೇ ಮತ್ತೆ ಮಾಡಿಸುವುದು ತಪ್ಪುತ್ತದೆ. ಹಿಮೋಗ್ಲೋಬಿನ್, ಸಕ್ಕರೆ ನೋಡಿಲ್ಲದಿದ್ದರೆ ನೋಡುತ್ತಾರೆ. ರಕ್ತಹೀನತೆಯಲ್ಲೂ ಎದೆ ಹೊಡೆದುಕೊಳ್ಳುತ್ತದೆ, ನಮ್ಮ ಹೆಣ್ಣುಮಕ್ಕಳಲ್ಲಿ ಅದು ಕಡಿಮೆಯೇನಲ್ಲ.

ಔಷಧಿ ಬೇಕು ಅನ್ನಿಸಿದರೆ ಸಾಮಾನ್ಯವಾಗಿ ಎಸ್ಸಿಟಾಲೊಪ್ರಾಮ್ ಅಥವಾ ಸರ್ಟ್ರಲಿನ್ ಗುಂಪಿನ ಮಾತ್ರೆ ಕೊಡುತ್ತಾರೆ. ಇವು ಚಟ ಹಿಡಿಸುವುದಿಲ್ಲ. ಆದರೆ ಒಂದು ಮಾತು ನೆನಪಿರಲಿ. ಮೊದಲ ಒಂದೆರಡು ವಾರ ಹೊಟ್ಟೆ ತೊಳಸಬಹುದು, ಗಾಬರಿ ಸ್ವಲ್ಪ ಹೆಚ್ಚಿದ ಹಾಗೂ ಆಗಬಹುದು. ಅದಕ್ಕೇ ಕಡಿಮೆ ಡೋಸ್‌ನಿಂದ ಶುರು ಮಾಡುತ್ತಾರೆ. 'ಮಾತ್ರೆ ತಗೊಂಡ ಮೇಲೆ ಜಾಸ್ತಿ ಆಯ್ತು' ಅಂತ ನಾಲ್ಕನೇ ದಿನಕ್ಕೇ ಬಿಟ್ಟುಬಿಡುವವರು ಬಹಳ. ಗುಣ ಕಾಣಲು 2ರಿಂದ 4 ವಾರ ಬೇಕು, ಪೂರ್ತಿ ಗುಣ ಕಾಣಲು ಇನ್ನೂ ಜಾಸ್ತಿ. ಸರಿಹೋದ ಮೇಲೂ ಕೆಲವು ತಿಂಗಳು, ಒಮ್ಮೊಮ್ಮೆ ವರ್ಷ ಮುಂದುವರಿಸಿ, ಆಮೇಲೆ ಮೆಲ್ಲಗೆ ಇಳಿಸುತ್ತಾರೆ. ಗರ್ಭಿಣಿಯಾಗಿದ್ದರೆ ಅಥವಾ ಆಗುವ ಯೋಚನೆ ಇದ್ದರೆ ಮೊದಲೇ ಹೇಳಿ.

ಇನ್ನೊಂದು ದಾರಿ ಮಾತಿನ ಚಿಕಿತ್ಸೆ. ಸಿಬಿಟಿ ಅಂತ ಕರೆಯುತ್ತಾರೆ. ವಾರಕ್ಕೊಂದು ಸಲ, ಸುಮಾರು 12 ಭೇಟಿ ಅಂದುಕೊಳ್ಳಿ. ಇದು ಸುಮ್ನೆ ಸಮಾಧಾನ ಹೇಳುವುದಲ್ಲ. ಕೋಣೆಯೊಳಗೆ ಏನು ನಡೆಯುತ್ತದೆ ನೋಡಿ. ಚಿಕಿತ್ಸಕರು ಎದುರು ಕೂತು, 'ಒಂದು ನಿಮಿಷ ಬೇಕಂತಲೇ ಜೋರಾಗಿ ಉಸಿರಾಡಿ' ಅನ್ನುತ್ತಾರೆ. ಅರ್ಧ ನಿಮಿಷಕ್ಕೇ ಬೆರಳು ಜುಮ್ಮೆನ್ನುತ್ತದೆ, ತಲೆ ತೇಲುತ್ತದೆ. ಬಸ್ಸಿನಲ್ಲಿ ಆಗಿದ್ದೇ ಇಲ್ಲಿ ಕುರ್ಚಿಯ ಮೇಲೆ ಆಗುತ್ತದೆ! ನಿಲ್ಲಿಸಿದ ಮೇಲೆ ಮೈ ತಾನಾಗಿಯೇ ಹದಕ್ಕೆ ಬರುತ್ತದೆ. ಇನ್ನೊಂದು ದಿನ ಮೂಗು ಹಿಡಿದು ತೆಳು ಸ್ಟ್ರಾದಲ್ಲಿ ಉಸಿರಾಡಿಸುತ್ತಾರೆ, ಮತ್ತೊಂದು ದಿನ ತಿರುಗುವ ಕುರ್ಚಿಯಲ್ಲಿ ತಿರುಗಿಸುತ್ತಾರೆ, ನಿಂತಲ್ಲೇ ಓಡಿಸುತ್ತಾರೆ. ಈ ಅನುಭವಗಳಿಂದ ಸಾವು ಬರುವುದಿಲ್ಲ ಅಂತ ಪುಸ್ತಕ ಓದಿ ನಂಬುವುದು ಬೇರೆ, ಮೈಯೇ ಕಲಿತುಕೊಳ್ಳುವುದು ಬೇರೆ. ಆಸ್ತಮಾ, ಫಿಟ್ಸ್, ಹೃದಯದ ತೊಂದರೆ ಇದ್ದವರು ಮುಂಚೆಯೇ ತಿಳಿಸಬೇಕು, ಅವರಿಗೆ ಅಭ್ಯಾಸ ಬೇರೆ ಇರುತ್ತದೆ.

ಆಮೇಲೆ ನಿಮ್ಮ ಬಸ್ಸು. ಮೊದಲು ಹಾಸನದ ಬಸ್ ಸ್ಟ್ಯಾಂಡಿನಲ್ಲಿ ನಿಂತ ಬಸ್ಸಿನಲ್ಲಿ ಸ್ವಲ್ಪ ಹೊತ್ತು ಕೂರುವುದು. ಮುಂದಿನ ವಾರ ಶಾಂತಿಗ್ರಾಮದವರೆಗೆ, ಯಜಮಾನರ ಜೊತೆ. ಅದೇ ದಾರಿ ಒಬ್ಬರೇ. ಆಮೇಲೆ ಚನ್ನರಾಯಪಟ್ಟಣ, ಯಡಿಯೂರು, ಕುಣಿಗಲ್. ಭಯ ಬರುತ್ತದೆ, ಬರಲಿ. ಅದು ಏರಿ ಇಳಿಯುವ ತನಕ ಇಳಿಯದೆ ಕೂರುವುದೇ ಅಭ್ಯಾಸ. ಕೈಯಲ್ಲಿ ನೀರಿನ ಬಾಟಲಿ, ಪರ್ಸಿನಲ್ಲಿ ಮಾತ್ರೆ, ಬಾಗಿಲ ಪಕ್ಕದ ಸೀಟೇ ಬೇಕು ಅನ್ನುವ ಹಟ, ಇಂಥ ಊರುಗೋಲುಗಳನ್ನೂ ಒಂದೊಂದಾಗಿ ಬಿಡಿಸುತ್ತಾರೆ. ಅವು ಇದ್ದಷ್ಟು ದಿನ 'ಅದು ಇದ್ದಿದ್ದಕ್ಕೆ ಉಳಿದೆ' ಅನ್ನುವ ನಂಬಿಕೆ ಹೋಗುವುದಿಲ್ಲ.

ಮಾತ್ರೆಯೋ ಸಿಬಿಟಿಯೋ ಅಂತ ಕೇಳಿದರೆ ಎರಡೂ ಕೆಲಸ ಮಾಡುತ್ತವೆ, ಒಟ್ಟಿಗೂ ತೆಗೆದುಕೊಳ್ಳಬಹುದು. ನನ್ನ ಅಭಿಪ್ರಾಯ ಕೇಳಿದರೆ, ನಿಮ್ಮ ಹಾಗೆ ಓಡಾಟ ಬಿಟ್ಟವರಿಗೆ ಬರೀ ಮಾತ್ರೆ ಸಾಲದು, ಬಸ್ಸು ಹತ್ತುವ ಅಭ್ಯಾಸ ಬೇಕೇ ಬೇಕು. ಮಾತಿನ ಚಿಕಿತ್ಸೆ ಕೊಡುವವರು ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿದ್ದಾರಾ, ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ಇದೆಯಾ ಅಂತ ಸಂಕೋಚವಿಲ್ಲದೆ ಕೇಳಿ.

ಒಂದು ಎಚ್ಚರಿಕೆ. ಪ್ಯಾನಿಕ್ ಅಂತ ಹೆಸರು ಬಿದ್ದ ಮೇಲೆ ಎದೆನೋವನ್ನೆಲ್ಲ ಅದರ ಲೆಕ್ಕಕ್ಕೇ ಹಾಕಬೇಡಿ. ಮೆಟ್ಟಿಲು ಹತ್ತುವಾಗ ಬಂದು ಕೂತರೆ ಹೋಗುವ ನೋವು, ಎಡಗೈಗೋ ದವಡೆಗೋ ಹಬ್ಬುವ ನೋವು, ನಿಜವಾಗಿಯೂ ಪ್ರಜ್ಞೆ ತಪ್ಪುವುದು, ಇವಕ್ಕೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಪ್ರಶ್ನೆ: ವಯಸ್ಸು 27, ಬೆಂಗಳೂರಿನಲ್ಲಿ ಖಾಸಗಿ ಕೆಲಸ. ಒಂದು ವರ್ಷದ ಹಿಂದೆ ಪ್ಯಾನಿಕ್‌ಗೆ ಡಾಕ್ಟರು ಅಲ್ಪ್ರಜೋಲಮ್ ಬರೆದುಕೊಟ್ಟಿದ್ದರು. ಆಮೇಲೆ ಅವರ ಹತ್ತಿರ ಹೋಗಿಲ್ಲ, ಹಳೇ ಚೀಟಿ ತೋರಿಸಿ ಮೆಡಿಕಲ್ಸ್‌ನಲ್ಲಿ ತೆಗೆದುಕೊಳ್ಳುತ್ತಿದ್ದೇನೆ. ದಿನಕ್ಕೆ ಎರಡು. ಒಂದು ಹೊತ್ತು ತಪ್ಪಿದರೂ ಕೈ ನಡುಗುತ್ತದೆ. ನಾಳೆಯಿಂದಲೇ ನಿಲ್ಲಿಸಿಬಿಡಲಾ?

ಉತ್ತರ: ದಯವಿಟ್ಟು ಒಮ್ಮೆಲೇ ನಿಲ್ಲಿಸಬೇಡಿ. ದಿನಾ ತೆಗೆದುಕೊಳ್ಳುವವರು ಇದನ್ನು ತಟ್ಟನೆ ಬಿಟ್ಟರೆ ಫಿಟ್ಸ್ ಬರುವ ಅಪಾಯ ಇದೆ. ಅಲ್ಪ್ರಜೋಲಮ್ ಬೇಗ ಕೆಲಸ ಮಾಡುತ್ತದೆ, ಬೇಗ ಇಳಿಯುತ್ತದೆ. ಇಳಿದಾಗ ಬರುವ ನಡುಕವನ್ನು ನೀವು ಕಾಯಿಲೆ ಅಂದುಕೊಂಡು ಇನ್ನೊಂದು ನುಂಗುತ್ತೀರಿ. ಇದು ನಿಮ್ಮ ದೌರ್ಬಲ್ಯ ಅಲ್ಲ, ಆ ಮಾತ್ರೆಯ ಗುಣವೇ ಹಾಗೆ. ಡಾಕ್ಟರು ಇದನ್ನು ಬರೆಯುವುದು ಬಹುಮಟ್ಟಿಗೆ ಮೊದಲ ಕೆಲವು ವಾರಕ್ಕೆ, ಬೇರೆ ಮಾತ್ರೆ ಕೆಲಸ ಶುರು ಮಾಡುವ ತನಕ. ಬ್ರಿಟನ್ನಿನಲ್ಲಿ ಚಿಕಿತ್ಸೆಗೆ ಮಾರ್ಗಸೂಚಿ ಕೊಡುವ ನೈಸ್ ಸಂಸ್ಥೆಯಂತೂ ಪ್ಯಾನಿಕ್ ಕಾಯಿಲೆಗೆ ಈ ಗುಂಪಿನ ಮಾತ್ರೆಯೇ ಬೇಡ ಅನ್ನುತ್ತದೆ. ನಮ್ಮಲ್ಲೂ ಇದು ಶೆಡ್ಯೂಲ್ ಎಚ್1 ಪಟ್ಟಿಯಲ್ಲಿದೆ. ಅಂದರೆ ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ, ಮಾರಿದ್ದನ್ನು ಅಂಗಡಿಯವರು ರಿಜಿಸ್ಟರಿನಲ್ಲಿ ಬರೆಯಬೇಕು.

ಈ ವಾರವೇ ಮನೋವೈದ್ಯರ ಹತ್ತಿರ ಹೋಗಿ, ಎಷ್ಟು ತೆಗೆದುಕೊಳ್ಳುತ್ತಿದ್ದೀರಿ ಅಂತ ಇದ್ದದ್ದು ಇದ್ದ ಹಾಗೆ ಹೇಳಿ. ಬೈಯುತ್ತಾರೆ ಅಂತ ಕಮ್ಮಿ ಹೇಳಿದರೆ ಇಳಿಸುವ ಲೆಕ್ಕವೇ ತಪ್ಪುತ್ತದೆ. ಹೆಚ್ಚಿನವರಿಗೆ ಮನೆಯಲ್ಲಿದ್ದುಕೊಂಡೇ ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ, ಸ್ವಲ್ಪ ಸ್ವಲ್ಪವೇ ಇಳಿಸುತ್ತಾರೆ. ಅಲ್ಲಿಯ ತನಕ ಕುಡಿಯಬೇಡಿ. ಈ ಮಾತ್ರೆ, ಮದ್ಯ ಎರಡೂ ಸೇರಿದರೆ ಉಸಿರಾಟಕ್ಕೇ ಅಪಾಯ.

ಪ್ರಶ್ನೆ: ನನ್ನ ತಮ್ಮ ಅಮೆರಿಕದ ನ್ಯೂಜೆರ್ಸಿಯಲ್ಲಿದ್ದಾನೆ. ಪ್ಯಾನಿಕ್‌ನಿಂದ ಆಫೀಸಿಗೆ ಹೋಗುವ ರೈಲು ಹತ್ತುತ್ತಿಲ್ಲ. ಅಲ್ಲಿ 'ಇಂಟೆನ್ಸಿವ್ ಔಟ್‌ಪೇಷಂಟ್ ಪ್ರೋಗ್ರಾಂ' ಸೇರು ಅಂದಿದ್ದಾರಂತೆ. ಅಮ್ಮ ಊರಿಗೇ ಬಂದುಬಿಡು ಅನ್ನುತ್ತಿದ್ದಾರೆ. ಯಾವುದು ಒಳ್ಳೆಯದು?

ಉತ್ತರ: ಅಲ್ಲಿ ಆ ಹೆಸರಿನ ಕಾರ್ಯಕ್ರಮ ಅಂದರೆ ಸಾಮಾನ್ಯವಾಗಿ ವಾರಕ್ಕೆ ಮೂರು ದಿನ, ದಿನಕ್ಕೆ ಮೂರು ಗಂಟೆ. ರಾತ್ರಿ ಮನೆಯಲ್ಲೇ. ಬರೀ ಪ್ಯಾನಿಕ್ ಇದ್ದರೆ ಬಹಳ ಮಂದಿಗೆ ವಾರಕ್ಕೊಂದು ಸಿಬಿಟಿ ಭೇಟಿಯೇ ಸಾಕಾಗುತ್ತದೆ. ಮನೆಯಿಂದ ಹೊರಗೇ ಬರುತ್ತಿಲ್ಲ, ಖಿನ್ನತೆಯೂ ಇದೆ, ವಾರದ ಭೇಟಿಯಿಂದ ಗುಣ ಕಾಣಲಿಲ್ಲ ಅಂದಾಗ ಇದು ಬೇಕಾಗುತ್ತದೆ. ಸೇರುವ ಮುಂಚೆ ತಮ್ಮ ಒಂದು ಪ್ರಶ್ನೆ ಕೇಳಲೇಬೇಕು: ಭಯದ ಜಾಗಕ್ಕೆ ಕರೆದುಕೊಂಡು ಹೋಗಿ ಅಭ್ಯಾಸ ಮಾಡಿಸುತ್ತೀರಾ, ಇಲ್ಲ ಗುಂಪಿನಲ್ಲಿ ಕೂತು ಮಾತಾಡುವುದಷ್ಟೇನಾ? ಇನ್ಶೂರೆನ್ಸ್ ಒಪ್ಪಿಗೆಯನ್ನೂ ಮೊದಲೇ ತೆಗೆದುಕೊಳ್ಳಲಿ.

ಅಮ್ಮನ ಸಂಕಟ ಅರ್ಥವಾಗುತ್ತದೆ. ಮಗ ಕಣ್ಣೆದುರಿಗಿದ್ದರೆ ಸಾಕು ಅನ್ನಿಸುವುದು ಸಹಜ. ಆದರೂ ಅವನು ಅಲ್ಲೇ ಚಿಕಿತ್ಸೆ ತೆಗೆದುಕೊಳ್ಳುವುದು ಒಳ್ಳೆಯದು ಅನ್ನುತ್ತೇನೆ. ನ್ಯೂಯಾರ್ಕಿಗೆ ಹೋಗುವ ರೈಲು ಸಿಕಾಕಸ್ ದಾಟಿದ ಮೇಲೆ ಹಡ್ಸನ್ ನದಿಯ ಕೆಳಗಿನ ಸುರಂಗಕ್ಕೆ ಇಳಿಯುತ್ತದೆ. ಅವನಿಗೆ ಭಯ ಅಲ್ಲೇ ಇದ್ದರೆ, ಅಭ್ಯಾಸವೂ ಅಲ್ಲೇ ಆಗಬೇಕು. ಊರಿಗೆ ಬಂದು ಮೂರು ತಿಂಗಳು ಹಾಯಾಗಿದ್ದು ವಾಪಸು ಹೋದರೆ ಆ ರೈಲು ಹಾಗೇ ಕಾದಿರುತ್ತದೆ. ಬೇಕಾದರೆ ಅಮ್ಮನೇ ಸ್ವಲ್ಪ ದಿನ ಹೋಗಿ ಬರಲಿ.

ಪ್ರಶ್ನೆ: ಬೈಲಹೊಂಗಲ ತಾಲೂಕಿನ ಹಳ್ಳಿ ನಮ್ಮದು. ಮಗನಿಗೆ 19 ವರ್ಷ, ಕಾಲೇಜಿಗೆ ಹೋಗುತ್ತಾನೆ. ವಾರದಲ್ಲಿ ಎರಡು ಸಲವಾದರೂ ಎದೆ ಹಿಡಿದುಕೊಂಡು ಸಾಯ್ತೀನಿ ಅಂತ ಕೂಗುತ್ತಾನೆ. ತಾಲೂಕು ಆಸ್ಪತ್ರೆಯಲ್ಲಿ ಏನೂ ಇಲ್ಲ, ಮನಸ್ಸಿನದು ಅಂದರು. ತಾಯತ ಕಟ್ಟಿಸಿದೆವು. ದೊಡ್ಡ ಊರಿಗೆ ಪದೇ ಪದೇ ಹೋಗುವ ಶಕ್ತಿ ಇಲ್ಲ. ಆ ಹೊತ್ತಿನಲ್ಲಿ ನಾವೇನು ಮಾಡಬೇಕು?

ಉತ್ತರ: ತಾಯಿ, 'ಏನೂ ಇಲ್ಲ' ಅನ್ನುವುದು ಸರಿಯಲ್ಲ. ಹೃದಯಕ್ಕೆ ಏನೂ ಆಗಿಲ್ಲ ಅಂತ ಅರ್ಥ, ಅಷ್ಟೇ. ಮಗ ನಾಟಕ ಮಾಡುತ್ತಿಲ್ಲ. ತಾಯತ ನಿಮ್ಮ ನಂಬಿಕೆ, ಇರಲಿ. ಚಿಕಿತ್ಸೆ ಮಾತ್ರ ತಡಮಾಡಬೇಡಿ.

ದೂರದ ಚಿಂತೆ ಬೇಡ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಎಲ್ಲ ಜಿಲ್ಲೆಯಲ್ಲೂ ಇದೆ. ದೇಶಕ್ಕೆಲ್ಲ ಮಾದರಿಯಾದ ಈ ಪದ್ಧತಿಯನ್ನು ಮೊದಲು ಮಾಡಿ ನೋಡಿದ್ದು ನಮ್ಮ ಬಳ್ಳಾರಿಯಲ್ಲೇ, 1980ರ ದಶಕದಲ್ಲಿ. ಮನೋಚೈತನ್ಯ ಅನ್ನುವ ಯೋಜನೆಯಲ್ಲಿ ಮಂಗಳವಾರ ತಾಲೂಕು ಆಸ್ಪತ್ರೆಗಳಿಗೇ ಮನೋವೈದ್ಯರು ಬರುವ ಏರ್ಪಾಡು ಇದೆ. ನಿಮ್ಮ ಆಸ್ಪತ್ರೆಗೆ ಯಾವ ಮಂಗಳವಾರ ಬರುತ್ತಾರೆ ಅಂತ ಆಶಾ ಕಾರ್ಯಕರ್ತೆಯಿಂದ ಕೇಳಿ ತಿಳಿದುಕೊಳ್ಳಿ. ಮಾತ್ರೆ ಅಲ್ಲೇ ಸಿಗುತ್ತದಾ ಅಂತಲೂ ಕೇಳಿ. ಮಾತಿನ ಚಿಕಿತ್ಸೆ ಬೇಕಾದರೆ ಧಾರವಾಡದ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ನಿಮಗೆ ಬೆಂಗಳೂರಿಗಿಂತ ಎಷ್ಟೋ ಹತ್ತಿರ. ಟೆಲಿ ಮಾನಸ್ ಅನ್ನುವ ಸರ್ಕಾರದ ಫೋನ್ ಸೇವೆಯೂ ಇದೆ, ನಂಬರು 14416. 2022ರ ಅಕ್ಟೋಬರಿನಲ್ಲಿ ಶುರುವಾಯಿತು. ದುಡ್ಡಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ಆ ಹೊತ್ತಿನಲ್ಲಿ ಏನು ಮಾಡಬೇಕು ಅಂದಿರಿ. ಹತ್ತು ಜನ ಸುತ್ತ ನಿಂತು ಗಾಳಿ ಬೀಸುವುದು, ಮುಖಕ್ಕೆ ನೀರು ಎರಚುವುದು, ಗಾಡಿ ತರುವುದು ಬೇಡ. ಇದನ್ನೆಲ್ಲ ಕಂಡರೆ ಹುಡುಗನಿಗೆ 'ನಿಜವಾಗಿಯೂ ಏನೋ ಆಗಿದೆ' ಅಂತ ಖಾತ್ರಿಯಾಗುತ್ತದೆ. ಒಬ್ಬರೇ ಪಕ್ಕದಲ್ಲಿ ಕೂತುಕೊಳ್ಳಿ. 'ಇದು ಅದೇ ಅಟ್ಯಾಕ್, ಏರುತ್ತದೆ, ಇಳಿಯುತ್ತದೆ, ನಾನು ಇಲ್ಲೇ ಇದ್ದೇನೆ' ಅಂತ ಮೆಲ್ಲಗೆ ಹೇಳಿ. ಉಸಿರು ನಿಧಾನ ಬಿಡಲು ಹೇಳಿ, ಎಳೆಯುವುದಕ್ಕಿಂತ ಬಿಡುವುದು ಉದ್ದ ಇರಲಿ. ಪೇಪರ್ ಕವರಿನಲ್ಲಿ ಉಸಿರಾಡಿಸುವುದು ಹಳೇ ಪದ್ಧತಿ, ಈಗ ಬೇಡ ಅನ್ನುತ್ತಾರೆ. ಇಳಿದ ಮೇಲೆ ಮಲಗಿಸಿಬಿಡಬೇಡಿ. ಮಾಡುತ್ತಿದ್ದ ಕೆಲಸಕ್ಕೇ ವಾಪಸು ಹೋಗಲಿ.

ಕಾಲೇಜು ಮಾತ್ರ ಯಾವ ಕಾರಣಕ್ಕೂ ಬಿಡಿಸಬೇಡಿ. ಒಂದು ಪಿರಿಯಡ್ ಕೂತು ಬಂದರೂ ಸರಿ, ದಿನಾ ಹೋಗಲಿ. ಟೀ, ಗುಟ್ಕಾ, ಸಿಗರೇಟು ಎಷ್ಟಿದೆ ಅಂತ ಗದರದೆ ಕೇಳಿ, ಡಾಕ್ಟರಿಗೂ ಹೇಳಿ. ಈ ಮೂರೂ ಎದೆಬಡಿತ ಏರಿಸುತ್ತವೆ. ಸಾಯಬೇಕು ಅಂತ ಯೋಚನೆ ಬರುತ್ತದಾ ಅಂತಲೂ ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದು ಅಂದರೆ ಮಂಗಳವಾರದ ತನಕ ಕಾಯಬೇಡಿ, ಒಬ್ಬನನ್ನೇ ಬಿಡದೆ ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಹಾಗಿಲ್ಲದಿದ್ದರೆ ಮನೋವೈದ್ಯರು ಬರುವ ಮುಂದಿನ ಮಂಗಳವಾರ ತಾಲೂಕು ಆಸ್ಪತ್ರೆ. ಮಗನ ಜೊತೆ ನೀವೂ ಒಳಗೆ ಹೋಗಿ, ಆದರೆ ಸ್ವಲ್ಪ ಹೊತ್ತು ಅವನು ಡಾಕ್ಟರ ಹತ್ತಿರ ಒಬ್ಬನೇ ಮಾತಾಡಲು ಬಿಡಿ.